ಪ್ರೋಗ್ರಾಂ ಓದುವಾಗ ಮಗುವಿನ ಕಣ್ಣು ಎಲ್ಲಿರುತ್ತದೆ?

(ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಐ.ಟಿ. ಪಾಠದ ವಿಷಯ ಬಂದಾಗಲೆಲ್ಲ ನೀವು ಕೇಳುವ ಪ್ರಶ್ನೆ ಒಂದೇ: “ಕನ್ನಡದಲ್ಲಿ ಕಲಿಯುವ ಮಗುವಿಗೆ ಪ್ರೋಗ್ರಾಂ ಓದಲು ಬಂದೀತೇ, ಟೀಚರೇ?” ಉತ್ತರಕ್ಕೆ ಮೊದಲು, ಪ್ರೋಗ್ರಾಂ ಓದುವುದೆಂದರೆ ಏನೆಂದು ನೋಡೋಣ.

ಪತ್ರಿಕೆ ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಜಾರುತ್ತ ಹೋಗುವುದಿಲ್ಲ, ಕುಪ್ಪಳಿಸುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು ಮುಂದಕ್ಕೆ ಹಾರುತ್ತದೆ. ನಿಂತಾಗಲೇ ಓದು. ಈ ನಿಲುಗಡೆಗಳನ್ನು ಗುರುತಿಸುವ ಉಪಕರಣವಿದೆ. ಇನ್‌ಫ್ರಾರೆಡ್ ಬೆಳಕು ಕಣ್ಣಿನಲ್ಲಿ ಪ್ರತಿಫಲಿಸುವುದನ್ನೂ ಪಾಪೆಯ ಸ್ಥಾನವನ್ನೂ ಕ್ಯಾಮೆರಾದಲ್ಲಿ ಹಿಡಿದು, ನೋಟ ಪರದೆಯ ಯಾವ ಜಾಗದಲ್ಲಿದೆಯೆಂದು ಅದು ಲೆಕ್ಕ ಹಾಕುತ್ತದೆ.

1990ರಲ್ಲಿ ಮಾರ್ತಾ ಕ್ರಾಸ್ಬಿ ಮತ್ತು ಯಾನ್ ಸ್ಟೆಲೊವ್ಸ್ಕಿ ಎಂಬವರು ಹೀಗೆ ಪ್ರೋಗ್ರಾಂ ಓದುವವರ ಕಣ್ಣನ್ನು ಗಮನಿಸಿದರು. ಪ್ರೋಗ್ರಾಮಿನ ನಡುನಡುವೆ ಸಾಮಾನ್ಯ ವಾಕ್ಯದಲ್ಲಿ ಬರೆದ ವಿವರಣೆಗಳಿರುತ್ತವೆ. ಹೊಸಬರ ಕಣ್ಣು ಅಲ್ಲಿಯೇ ಹೆಚ್ಚು ತಂಗಿತು. ಪಳಗಿದವರ ಕಣ್ಣು ಲೆಕ್ಕ ನಡೆಯುವ ಕ್ಲಿಷ್ಟ ಸಾಲುಗಳಿಗೆ ಹೋಯಿತು. ಸಹಜವೇ, ಗೊತ್ತಿಲ್ಲದ ಊರಿನಲ್ಲಿ ಪರಿಚಿತ ಮುಖವನ್ನು ಹುಡುಕುತ್ತೇವಲ್ಲ!

2015ರಲ್ಲಿ ತೆರೇಸಾ ಬುಸ್ಯಾನ್ ಮತ್ತು ಸಂಗಡಿಗರು 14 ಹೊಸಬರನ್ನೂ 6 ವೃತ್ತಿಪರರನ್ನೂ ಪರೀಕ್ಷಿಸಿದರು. ಕಥೆಯಂಥ ಬರಹವನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಓದಿದ ಹೊಸಬರು ಪ್ರೋಗ್ರಾಮನ್ನು ಅಷ್ಟು ನೇರವಾಗಿ ಓದಲಿಲ್ಲ. ವೃತ್ತಿಪರರ ಓದು ಇನ್ನೂ ಹಿಂದೆಮುಂದೆ ಹೋಗುವಂಥದು. ಇಪ್ಪತ್ತೇ ಜನರ ಅಧ್ಯಯನವಾದ್ದರಿಂದ ಇದನ್ನು ಶಿಲಾಶಾಸನವೆಂದು ನಾನು ಹೇಳಲಾರೆ. ಕಣ್ಣು ಎಲ್ಲಿತ್ತೆಂದು ಉಪಕರಣ ಹೇಳೀತು. ಅರ್ಥವಾಯಿತೋ, ಸಿಕ್ಕಿಬಿದ್ದು ನಿಂತಿತೋ, ಅದನ್ನು ಕೇಳಿಯೇ ತಿಳಿಯಬೇಕು. ಆದರೂ ಕಾರಣ ಸ್ಪಷ್ಟವಿದೆ. ನಾಲ್ಕು ಸಾಲಿನ ಪ್ರೋಗ್ರಾಂ ಒಂದನ್ನು ನೋಡಿ. ಮೊದಲ ಸಾಲಿನಲ್ಲಿ ಮೊತ್ತ 0. ಎರಡನೆಯದು 1, 2, 3ನ್ನು ಒಂದೊಂದಾಗಿ ತೆಗೆದುಕೋ ಎನ್ನುತ್ತದೆ. ಮೂರನೆಯದು ಅದನ್ನು ಮೊತ್ತಕ್ಕೆ ಕೂಡಿಸು ಎನ್ನುತ್ತದೆ. ನಾಲ್ಕನೆಯದು ಮೊತ್ತವನ್ನು ತೋರಿಸುತ್ತದೆ. ಮೂರನೆಯ ಸಾಲಿನಿಂದ ಎರಡನೆಯದಕ್ಕೆ ಮರಳಿ ಮರಳಿ ಬಂದವನಿಗೆ ಮೊತ್ತ 1, ಆಮೇಲೆ 3, ಕೊನೆಗೆ 6 ಎಂದು ಸಿಗುತ್ತದೆ. ನೇರವಾಗಿ ಓದಿ ಮುಗಿಸಿದವನಿಗೆ ಸಿಗುವುದಿಲ್ಲ, ಅವನ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ.

ಪೈಥಾನ್ ಭಾಷೆಯಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಪದಗಳು 35. ಬೇರೆ ಕೆಲವು ಆಜ್ಞೆಗಳನ್ನು ಸೇರಿಸಿದರೂ ಶಾಲೆಯ ಮಟ್ಟಕ್ಕೆ ಅದು ದೊಡ್ಡ ಹೊರೆಯಲ್ಲ. ಆದರೆ ಹೊಸಬರು ಆತುಕೊಳ್ಳುವ ಆ ವಿವರಣೆಗಳು ಇಂಗ್ಲಿಷಿನಲ್ಲಿದ್ದರೆ ನಮ್ಮ ಮಕ್ಕಳಿಗೆ ಆಸರೆಯೇ ತಪ್ಪುತ್ತದೆ. ಅವನ್ನು ಕನ್ನಡದಲ್ಲಿ ಬರೆಯಲು ಪೈಥಾನಿನಲ್ಲಿ ಯಾವ ಅಡ್ಡಿಯೂ ಇಲ್ಲ. ‘ಮೊತ್ತ’ ಎಂಬ ಹೆಸರನ್ನೂ ಕನ್ನಡ ಲಿಪಿಯಲ್ಲೇ ಇಡಬಹುದು. ನಾನು ತರಗತಿಯಲ್ಲಿ ಹಾಗೆಯೇ ಬರೆಸುತ್ತೇನೆ.

ಮನೆಯಲ್ಲಿ ದಯವಿಟ್ಟು ಪ್ರೋಗ್ರಾಮನ್ನು ಬಾಯಿಪಾಠ ಮಾಡಿಸಬೇಡಿ. ನಿಮಗೆ ಕಂಪ್ಯೂಟರ್ ತಿಳಿದಿರಬೇಕೆಂದೂ ಇಲ್ಲ. ಮಗು ಸಾಲಿನ ಮೇಲೆ ಬೆರಳಿಡಲಿ, “ಈಗ ಮೊತ್ತ ಎಷ್ಟು? ಇನ್ನು ಯಾವ ಸಾಲಿಗೆ ಹೋಗುತ್ತೀ?” ಎಂದು ಕೇಳಿ. ಬೆರಳು ಮೇಲಕ್ಕೆ ಹೋದರೆ ಗದರಬೇಡಿ, ಯಾಕೆ ಹೋಯಿತೆಂದು ಕನ್ನಡದಲ್ಲೇ ಹೇಳಲಿ. ಆ ನಾಲ್ಕು ಸಾಲುಗಳನ್ನು ಬರೆದ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ.