ಆಪ್ತರು ಕಳುಹಿಸಿದ್ದೆಲ್ಲ ಆಪ್ತವಾಕ್ಯವೇ?



ಡಿಜಿಟಲ್ ಸಾಕ್ಷರತೆಯನ್ನು ಕುರಿತ ಒಂದು ಸೆಮಿಸ್ಟರಿನ ಪಾಠಕ್ರಮವನ್ನು ನಾವು ಕೆಲವು ಕನ್ನಡಿಗರು ಈಚೆಗೆ ಮುಗಿಸಿದೆವು. ನಮ್ಮಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದವರೂ ಇದ್ದರು, ನಿವೃತ್ತಿಯ ನಂತರ ಮತ್ತೆ ಪುಸ್ತಕ ಹಿಡಿದವರೂ ಇದ್ದರು. ಕೊನೆಯ ವಾರ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಕಲಿತದ್ದೇನೆಂಬುದನ್ನು ಬರೆದು ಒಪ್ಪಿಸಬೇಕೆಂಬ ನಿಯಮವಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ಒಪ್ಪಿಸಿದ್ದನ್ನು ಇಲ್ಲಿ ಕನ್ನಡದಲ್ಲಿ, ನಮ್ಮ ಮನೆಗಳಿಗೆ ಹೊಂದುವಂತೆ ನಿವೇದಿಸಿಕೊಳ್ಳಲು ಅವಕಾಶವಿತ್ತ ಸಂಘಕ್ಕೆ ನಮ್ಮ ವಂದನೆಗಳು.

ನಾವು ನೆಲೆಸಿರುವ ಈ ನೆಲಕ್ಕೂ ಅಂತರಜಾಲಕ್ಕೂ ಹತ್ತಿರದ ನಂಟಿದೆ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಪ್ರಾಧ್ಯಾಪಕ ಲೆನರ್ಡ್ ಕ್ಲೈನ್‌ರಾಕ್ ಅವರ ಪ್ರಯೋಗಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಮೆನ್ಲೋ ಪಾರ್ಕಿನ ಗಣಕಯಂತ್ರಕ್ಕೆ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಯತ್ನಿಸಿದರು. 'ಎಲ್', 'ಓ' ಎಂಬ ಎರಡೇ ಅಕ್ಷರಗಳು ತಲುಪಿದವು. ಅಷ್ಟರಲ್ಲಿ ಅತ್ತಲಿನ ಯಂತ್ರ ಸ್ತಬ್ಧವಾಯಿತು. 1983ರಲ್ಲಿ ಇದೇ ಪ್ರಾಂತದ ಮರೀನಾ ಡೆಲ್ ರೇಯಲ್ಲಿ ಪಾಲ್ ಮೊಕಪೆಟ್ರಿಸ್ ಮತ್ತು ಜಾನ್ ಪೋಸ್ಟೆಲ್ ಅವರು ಜಾಲದ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. 1985ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಸ್ಥಾಪಿತವಾದ ಕ್ವಾಲ್‌ಕಾಮ್ ಸಂಸ್ಥೆಯ ತಂತ್ರಜ್ಞಾನ ಆ ಜಾಲವನ್ನು ಅಂಗೈಯ ದೂರವಾಣಿಗೆ ತರುವಲ್ಲಿ ದೊಡ್ಡ ಪಾತ್ರ ವಹಿಸಿತು.

ಇವೆಲ್ಲವೂ ಸಂದೇಶವನ್ನು ಮುಟ್ಟಿಸುವ ವಿದ್ಯೆಗಳು. ಹೆಸರನ್ನು ಅಂಕಿಯ ವಿಳಾಸವಾಗಿ ಮಾರ್ಪಡಿಸುವುದಷ್ಟೇ ಮೊಕಪೆಟ್ರಿಸ್ ಅವರ ವ್ಯವಸ್ಥೆಯ ಕೆಲಸ; ಆ ವಿಳಾಸದಲ್ಲಿ ಕುಳಿತವನು ಸತ್ಯವಂತನೇ ಎಂಬುದು ಅದರ ವಿಚಾರಕ್ಕೆ ಬರುವುದಿಲ್ಲ. ಅಂಚೆಯವನು ಲಕೋಟೆಯೊಳಗಿನ ಮಾತಿಗೆ ಜವಾಬ್ದಾರನಲ್ಲ. ಆ ಹೊಣೆ ಓದುವವನ ಪಾಲಿಗೆ ಉಳಿಯುತ್ತದೆ, ಮತ್ತು ನಮ್ಮ ಪಾಠಕ್ರಮದ ಬಹುಭಾಗ ಈ ಹೊಣೆಯನ್ನು ಕುರಿತದ್ದೇ ಆಗಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮನ್ನು ಬೆರಗುಗೊಳಿಸಿತು. ಅವರು 10 ಮಂದಿ ಇತಿಹಾಸಜ್ಞರು, 25 ಮಂದಿ ಕಾಲೇಜು ವಿದ್ಯಾರ್ಥಿಗಳು ಮತ್ತು 10 ಮಂದಿ ವೃತ್ತಿಪರ ಸತ್ಯಶೋಧಕರಿಗೆ ಕೆಲವು ಜಾಲತಾಣಗಳನ್ನು ತೋರಿಸಿ, ಇವು ನಂಬಲರ್ಹವೇ ಎಂದು ಕೇಳಿದರು. ವಿದ್ವಾಂಸರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಅನೇಕರು ಎದುರಿಗಿದ್ದ ಪುಟವನ್ನೇ ಶ್ರದ್ಧೆಯಿಂದ ಓದಿ, ಅದರ ಅಂದಕ್ಕೂ ಗಂಭೀರ ಭಾಷೆಗೂ ಮರುಳಾದರು. ಸತ್ಯಶೋಧಕರಾದರೋ ಪುಟವನ್ನು ಬೇಗನೆ ಬಿಟ್ಟು, ಅದನ್ನು ನಡೆಸುವವರು ಯಾರು, ಅವರ ಬಗ್ಗೆ ಇತರರು ಏನೆನ್ನುತ್ತಾರೆ ಎಂಬುದನ್ನು ಹುಡುಕಿದರು. ಕಡಿಮೆ ಸಮಯದಲ್ಲಿ ಸರಿಯಾದ ನಿರ್ಣಯಕ್ಕೆ ಬಂದರು. ಹೆಣ್ಣು ಕೊಡುವ ಮುನ್ನ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಗಂಡಿನ ಕಡೆಯವರ ಮಾತನ್ನು ಅವರ ಮನೆಯಲ್ಲಿ ಕೇಳಿ, ಅವರ ವಿಚಾರವನ್ನು ಊರಿನಲ್ಲಿ ಕೇಳುತ್ತಿದ್ದರು.

ಇಲ್ಲಿ ನಮ್ಮ ಶಾಸ್ತ್ರದ ಒಂದು ಮಾತು ನೆನಪಿಗೆ ಬರುತ್ತದೆ. ನ್ಯಾಯದರ್ಶನವು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಶಬ್ದವೆಂದರೆ ಆಪ್ತನ ಉಪದೇಶ. ಆಪ್ತನೆಂದರೆ ವಿಷಯವನ್ನು ಇದ್ದಂತೆ ತಿಳಿದು, ತಿಳಿದಂತೆ ಹೇಳುವವನು. ನಾವು ನಿತ್ಯದ ಕನ್ನಡದಲ್ಲಿ ಆಪ್ತನೆಂದು ಕರೆಯುವುದು ನಮಗೆ ಹತ್ತಿರದವನನ್ನು, ಪ್ರೀತಿಪಾತ್ರನನ್ನು. ಕೈಯಲ್ಲಿರುವ ದೂರವಾಣಿಗೆ ದಿನವೂ ಬಂದು ಬೀಳುವ ಸಂದೇಶಗಳು ಈ ಎರಡನೆಯ ಆಪ್ತರಿಂದ ಬರುತ್ತವೆ. ಸೋದರಮಾವನಿಂದ, ಸಹಪಾಠಿಯಿಂದ, ಊರಿನ ನೆರೆಯವರಿಂದ. ನಾವು ಅವನ್ನು ಮೊದಲನೆಯ ಆಪ್ತನ ಮಾತೆಂಬಂತೆ ಸ್ವೀಕರಿಸುತ್ತೇವೆ. ಕಳುಹಿಸಿದವರ ಪ್ರೀತಿ ನಿಜ. ಅವರಿಗೆ ಆ ವಿಷಯ ತಿಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ಈ ಗೊಂದಲದ ಬೆಲೆಯನ್ನು ಕರ್ನಾಟಕ ತೆತ್ತಿದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಲ್ಲೇ ಹಬ್ಬಿದ ಗಾಳಿಸುದ್ದಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ತೊರೆದು ಗುವಾಹಟಿಯ ರೈಲು ಹತ್ತಿದರು. ಸರ್ಕಾರವು 15 ದಿನಗಳ ಮಟ್ಟಿಗೆ ಗುಂಪು ಸಂದೇಶಗಳಿಗೆ ಮಿತಿ ಹೇರಬೇಕಾಯಿತು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ತರುಣ ತಂತ್ರಜ್ಞನೊಬ್ಬನನ್ನು ಹೊಡೆದು ಕೊಂದಿತು. ಅವನ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದೇ ಸಂಶಯಕ್ಕೆ ಮೂಲ. ಅದೇ ತಿಂಗಳು ವಾಟ್ಸ್‌ಆಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. ಆ ಸಂದೇಶಗಳನ್ನು ದಾಟಿಸಿದವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಬಯಸಿರಲಾರರು. ತಮ್ಮವರನ್ನು ಎಚ್ಚರಿಸುತ್ತಿದ್ದೇವೆಂದೇ ತಿಳಿದಿದ್ದಿರಬೇಕು.

ನಮ್ಮ ಸಂಸಾರಗಳಿಗೆ ಇನ್ನೂ ಹತ್ತಿರದ ಅಪಾಯವೊಂದಿದೆ. ನಮ್ಮಲ್ಲಿ ಅನೇಕರ ತಂದೆತಾಯಂದಿರು ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಒಂಟಿಯಾಗಿದ್ದಾರೆ. ಪೊಲೀಸರ ವೇಷದಲ್ಲಿ ವೀಡಿಯೊ ಕರೆ ಮಾಡಿ, ನಿಮ್ಮನ್ನು 'ಡಿಜಿಟಲ್ ಬಂಧನ'ದಲ್ಲಿ ಇರಿಸಿದ್ದೇವೆಂದು ಹೆದರಿಸಿ ಹಣ ಕೀಳುವ ವಂಚಕರು ಇಂಥ ಹಿರಿಯರನ್ನು ಗುರಿಮಾಡುತ್ತಾರೆ. ಅಂಥ ಬಂಧನ ಭಾರತದ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಇದನ್ನು ಸ್ಪಷ್ಟಪಡಿಸಿದರು. ಈಗಂತೂ ಮಗನ ದನಿಯನ್ನೂ ಮೊಮ್ಮಗಳ ಮುಖವನ್ನೂ ಕೃತಕವಾಗಿ ತಯಾರಿಸಬಹುದಾಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಕಾಲಕ್ಕೆ ಅಕ್ಷರಶಃ ಅನ್ವಯಿಸುತ್ತದೆ.

ಇದಕ್ಕಾಗಿ ನಾವು ಕಲಿತ ಮೂರು ಅಭ್ಯಾಸಗಳನ್ನು ತಮ್ಮ ಮುಂದಿಡುತ್ತೇವೆ. ಮೊದಲನೆಯದು, ಅವಸರ ಮಾಡಿಸುವ ಕರೆಯನ್ನು ಕೂಡಲೇ ಕಡಿದು, ನಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ನಾವೇ ಕರೆ ಮಾಡುವುದು. ಎರಡನೆಯದು, ಮನೆಯವರಿಗೆ ಮಾತ್ರ ತಿಳಿದ ಒಂದು ಗುಟ್ಟಿನ ಮಾತನ್ನು ಇಟ್ಟುಕೊಳ್ಳುವುದು. ಅಜ್ಜಿಯ ಊರಿನ ದೇವರ ಹೆಸರಿಗಿಂತ ಯಾರೂ ಊಹಿಸಲಾಗದ ಅಡ್ಡಮಾತು ಉತ್ತಮ. ಮೂರನೆಯದು, ಸಂಶಯ ಬಂದ ಸುದ್ದಿಯ ಒಂದು ವಾಕ್ಯವನ್ನು ಕನ್ನಡದಲ್ಲಿಯೇ ಹುಡುಕಿ ನೋಡುವುದು. 1991ರಲ್ಲಿ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದರಿಂದ ಇದು ಸಾಧ್ಯವಾಗಿದೆ. ಹಣ ಕಳೆದುಕೊಂಡವರು ನಾಚಿ ಮುಚ್ಚಿಡದೆ, ಭಾರತದಲ್ಲಿ 1930 ಸಂಖ್ಯೆಗೆ, ಇಲ್ಲಿ ಎಫ್‌ಬಿಐ ಸಂಸ್ಥೆಯ ಅಂತರಜಾಲ ಅಪರಾಧ ದೂರು ಕೇಂದ್ರಕ್ಕೆ ತಡಮಾಡದೆ ತಿಳಿಸಬೇಕು.

ಕ್ಯಾಲಿಫೋರ್ನಿಯಾ ರಾಜ್ಯವು 2023ರಲ್ಲಿ ಶಾಲಾ ಪಠ್ಯಗಳಲ್ಲಿ ಮಾಧ್ಯಮ ಸಾಕ್ಷರತೆಯನ್ನು ಅಳವಡಿಸುವ ಶಾಸನ ಮಾಡಿದೆ. ನಮ್ಮ ಮಕ್ಕಳು ಇದನ್ನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತಾರು. ಆದರೆ ಅಜ್ಜನಿಗೆ ಬರುವ ಸಂದೇಶ ಕನ್ನಡದಲ್ಲಿದೆ. ಅದನ್ನು ಓದಲು ಮೊಮ್ಮಗನಿಗೆ ಬಾರದು, ಅದನ್ನು ಶೋಧಿಸಲು ಅಜ್ಜನಿಗೆ ಬಾರದು. ಇಬ್ಬರೂ ಒಟ್ಟಿಗೆ ಕುಳಿತರೆ ಮೊಮ್ಮಗನಿಗೆ ಕನ್ನಡವೂ ಅಜ್ಜನಿಗೆ ಶೋಧನೆಯೂ ಒದಗೀತು. ಸಂಘದ ಕನ್ನಡ ತರಗತಿಗಳಲ್ಲಿ ತಿಂಗಳಿಗೆ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬೇಕೆಂದು ನಾವು ವಿನಂತಿಸುತ್ತೇವೆ. ಕಲಿಸಲು ನಮ್ಮಲ್ಲಿ ಕೆಲವರು ಸಿದ್ಧರಿದ್ದೇವೆ. ಮುಂದಿನ ಸಭೆಗೆ ಬರುವಾಗ ತಮಗೆ ಬಂದ ಒಂದೊಂದು ಸಂದೇಶವನ್ನು ಅಳಿಸದೆ ತನ್ನಿರಿ.