ಅಪ್ಪನ ಕೋವಿಗೆ ಏನೇನು ಹಾಕಬಹುದು?

ಭಾನುವಾರ ಬೆಳಗ್ಗೆ ಮಣಪಾಕ್ಕಂ, ರಾಮಾಪುರಂ, ವಳಸರವಾಕ್ಕಂ ಕಡೆಯಿಂದ ಆರ್ಕಾಟ್ ರಸ್ತೆಯ ಟ್ರಾಫಿಕ್ ದಾಟಿ ಪೋರೂರಿಗೆ ಬಂದಿದ್ದೀರಿ, ಥ್ಯಾಂಕ್ಸ್. ಕಳೆದ ಸಲ ಇದೇ ಹಾಲ್‌ನಲ್ಲಿ ನಾನು ಡೇಟಾಬೇಸ್ ಮೈಗ್ರೇಷನ್ ಬಗ್ಗೆ ಮಾತಾಡಿದ್ದೆ. ಅದಕ್ಕೆ ಬಂದ ಪ್ರಶ್ನೆ ಮೂರು. ಆಮೇಲೆ ಊಟದ ಹೊತ್ತಲ್ಲಿ ಕೊಡಗಿನ ಕೋವಿ ಬಗ್ಗೆ ಬಂದ ಪ್ರಶ್ನೆ ಮೂವತ್ತು. ಅದಕ್ಕೇ ಇವತ್ತು ಸ್ಲೈಡ್ ಇಲ್ಲ, ಕೋವಿ ಮಾತ್ರ. ಗಾಬರಿ ಬೇಡ, ಕೋವಿ ಊರಲ್ಲೇ ಇದೆ, ನಾನು ತಂದಿರೋದು ಮಾತು.

ನಮ್ಮದು ಚೇರಂಬಾಣೆ ಕಡೆ, ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗೋ ದಾರಿ. ಮನೆಮಾತು ಅರೆಭಾಷೆ. ಜಮ್ಮಾ ಜಾಗ ಇದೆ, ಕಾಫಿ, ಸ್ವಲ್ಪ ಕಾಳುಮೆಣಸು. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಮಕ್ಕಳಲ್ಲಿ ನಾನು ಪೋರೂರಲ್ಲಿ, ತಂಗಿ ಬೆಂಗಳೂರಲ್ಲಿ, ದೊಡ್ಡಪ್ಪನ ಮಗ ಅಮೆರಿಕದಲ್ಲಿ. ಅಪ್ಪನಿಗೆ 70 ತುಂಬೋ ವರ್ಷ ಅಮೆರಿಕದ ಅಣ್ಣ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಿಡಿಯೋ ಹಾಕಿದ. ಪಂಪ್ ಆಕ್ಷನ್ ಶಾಟ್‌ಗನ್. ಮೇಲೆ ರೈಲು, ರೈಲಿನ ಮೇಲೆ ಕೆಂಪು ಚುಕ್ಕೆಯ ಸೈಟು, ಕೆಳಗೆ ಟಾರ್ಚು, ಪಕ್ಕದಲ್ಲಿ ಆರು ತೋಟಾ ಸಿಕ್ಕಿಸೋ ಪಟ್ಟಿ. 'ಚಿಕ್ಕಪ್ಪನಿಗೆ ಇಂಥದ್ದೊಂದು ಮಾಡಿಸೋಣ, ದುಡ್ಡು ನಾನು ಹಾಕ್ತೀನಿ, ಆನೆ ಬರ್ತಿದೆಯಲ್ಲ' ಅಂತ. ಎಲ್ಲರೂ ಹೆಬ್ಬೆರಳು ಎತ್ತಿದ್ರು. ನಾನು ಎತ್ತಲಿಲ್ಲ. ಯಾಕೆ ಅನ್ನೋದೇ ಇವತ್ತಿನ ಮಾತು.

ಮೊದಲು ಕಾನೂನು ಮುಗಿಸಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ: 'ನಿಮಗೆ ಲೈಸೆನ್ಸ್ ಬೇಡ್ವಂತೆ, ಹೌದಾ?' ಹೌದು, ಆದರೆ ಅರ್ಧ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿರಾಯುಧೀಕರಣ ಕಾಯ್ದೆಯಿಂದ ಹೊರಗಿಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರಾದ ಅದೇ ಕಬ್ಬನ್. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರ್ಕಾರ ಅದನ್ನೇ ಮುಂದುವರಿಸಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ. ಈಗಿನ ಆದೇಶ 2019ರದ್ದು, 2029ರ ಅಕ್ಟೋಬರ್ 31ರವರೆಗೆ ಇದೆ. ಇದನ್ನು ಪ್ರಶ್ನಿಸಿದ ಅರ್ಜಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಅರ್ಧ ಅಂತ ಯಾಕೆ ಅಂದೆ ಅಂದ್ರೆ, ವಿನಾಯಿತಿ ಇರೋದು ಕೋವಿ ಇಟ್ಟುಕೊಳ್ಳೋಕೆ. ಕೋವಿಯನ್ನು ಬೇಕಾದ ಹಾಗೆ ತಿದ್ದೋಕೆ ಅಲ್ಲ. ಅದೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡೋ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಶಿಕ್ಷೆ 7 ವರ್ಷದಿಂದ ಶುರು, ಜೀವಾವಧಿವರೆಗೂ ಹೋಗಬಹುದು. ಸದ್ದು ಅಥವಾ ಬೆಂಕಿಯ ಮಿಂಚು ಕಡಿಮೆ ಮಾಡೋ ಸಾಧನ ಇದ್ಯಲ್ಲ, ಸೈಲೆನ್ಸರ್ ಅಂತೀವಿ, ಕಾಯ್ದೆಯ ವ್ಯಾಖ್ಯೆಯಲ್ಲಿ ಅದೇ ಒಂದು ಬಂದೂಕು. ಬಿಡಿಭಾಗ ಅಲ್ಲ, ಬಂದೂಕು. ಗೇಮ್ ಆಡೋರು ಇದನ್ನ ಸ್ವಲ್ಪ ಗಮನಿಸಿ. ಗೇಮಿನಲ್ಲಿ ನೆಲದ ಮೇಲೆ ಬಿದ್ದಿರೋದನ್ನ ಎತ್ತಿ ಸಿಕ್ಕಿಸಿದ ಹಾಗೆ ಇಲ್ಲಿ ಆಗೋದಿಲ್ಲ.

ಸರಿ, ಈಗ ಪಂಪ್ ಆಕ್ಷನ್. ನಳಿಗೆ ಕೆಳಗೆ ಇನ್ನೊಂದು ಕೊಳವೆ ಇರುತ್ತೆ, ತೋಟಾಗಳು ಒಂದರ ಹಿಂದೆ ಒಂದು ಅದರಲ್ಲಿ ಕೂತಿರ್ತವೆ. ಎಡಗೈ ಹಿಡಿದಿರೋ ಹಿಡಿಯನ್ನು ಹಿಂದಕ್ಕೆಳೆದರೆ ಹಳೇ ಕೋಶ ಹೊರಗೆ ಹಾರುತ್ತೆ, ಮುಂದಕ್ಕೆ ದೂಡಿದರೆ ಹೊಸದು ಒಳಗೆ ಹೋಗುತ್ತೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1897 ಇದರ ಹಳೇ ಪ್ರಸಿದ್ಧ ಮಾದರಿ. 1950ರಿಂದ ಬಂದ ರೆಮಿಂಗ್ಟನ್ 870 ಅಮೆರಿಕದಲ್ಲಿ ಮನೆಮಾತು. ಅಣ್ಣ ಕಳಿಸಿದ ವಿಡಿಯೋದ ಬಿಡಿಭಾಗಗಳೆಲ್ಲ ಇಂಥ ಮಾದರಿಗಳ ಅಳತೆಗೆ ಮಾಡಿದ್ದು. ಅವನ್ನು ಆಮದು ಮಾಡ್ಕೊಳ್ಳೋದು ನಮ್ಮಂಥವರಿಗೆ ಆಗದ ಮಾತು. ಇಲ್ಲಿ ಸಿಗೋದು ಭಾರತದಲ್ಲೇ ಮಾಡಿದ್ದು. ತಮಾಷೆ ಅಂದ್ರೆ, 12 ಬೋರ್ ಪಂಪ್ ಆಕ್ಷನ್ ಕೋವಿ ಮಾಡಿದ್ದು ಇದೇ ತಮಿಳುನಾಡಿನ ತಿರುಚ್ಚಿಯ ಆರ್ಡ್ನೆನ್ಸ್ ಕಾರ್ಖಾನೆ, ಪೋರೂರಿಂದ ಐದಾರು ಗಂಟೆ ದಾರಿ. 2021ರಿಂದ ಅದು ಕಾನ್ಪುರದಲ್ಲಿ ಕೇಂದ್ರ ಕಚೇರಿ ಇರೋ ಅಡ್ವಾನ್ಸ್ಡ್ ವೆಪನ್ಸ್ ಕಂಪನಿಯ ಕೆಳಗಿದೆ. ಆ ಕೋವಿಗೆ ಅಮೆರಿಕದ ರೈಲು, ಬಟ್ ಸರಿಯಾಗಿ ಕೂರುತ್ತೆ ಅಂತ ಅಂಗಡಿಯವನು ಹೇಳಿದರೆ, ಕೂರಿಸಿ ತೋರಿಸು ಅನ್ನಿ.

ಅಪ್ಪನ ಹತ್ರ ಇರೋದು ಜೋಡುನಳಿಗೆ, ಅಜ್ಜನ ಕಾಲದ್ದು. ಎರಡೇ ಗುಂಡು. ಪಂಪ್ ಆದ್ರೆ ಐದಾರು. ಹೆಚ್ಚು ಗುಂಡು ಅಂದ್ರೆ ಹೆಚ್ಚು ರಕ್ಷಣೆ ಅನ್ನೋದು ಅಣ್ಣನ ಲೆಕ್ಕ. ನನ್ನ ಲೆಕ್ಕ ಬೇರೆ.

ಜೋಡುನಳಿಗೆ ಮಡಚಿದ್ರೆ ಎರಡು ತೂತು ಕಾಣುತ್ತೆ. ಖಾಲಿಯೋ ತುಂಬಿದ್ಯೋ ಹತ್ತಡಿ ದೂರದಿಂದ ಅಮ್ಮನಿಗೂ ಗೊತ್ತಾಗುತ್ತೆ. ಮಡಚಿದ ಕೋವಿ ಸಿಡಿಯೋದಿಲ್ಲ. ಪಂಪ್‌ನಲ್ಲಿ ಕೊಳವೆ ಖಾಲಿ ಮಾಡಿದ ಮೇಲೂ ಒಳಗೆ ಒಂದು ತೋಟಾ ಉಳಿದಿರಬಹುದು, ಹೊರಗಿಂದ ಕಾಣೋದಿಲ್ಲ. ಬಾಗಿಲು ತೆಗೆದು ಬೆರಳು ಹಾಕಿ ನೋಡಬೇಕು. ದಿನಾ ಅಭ್ಯಾಸ ಇರೋರಿಗೆ ಇದು ದೊಡ್ಡ ವಿಷಯ ಅಲ್ಲ. ವರ್ಷಕ್ಕೆ ನಾಲ್ಕು ಸಲ ಕೋವಿ ಮುಟ್ಟೋ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋ ಮನುಷ್ಯನಿಗೆ ಇದು ದೊಡ್ಡ ವಿಷಯ.

ಎರಡನೇದು ಭುಜ. ಅಪ್ಪನಿಗೆ ಬಲಭುಜ ಹಿಡ್ಕೊಂಡಿದೆ, ಎಡಗೈ ಪೂರ್ತಿ ಚಾಚೋಕೆ ಆಗಲ್ಲ. ಪಂಪ್‌ನಲ್ಲಿ ಹಿಡಿಯನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಆಡಿಸಬೇಕು. ಅರ್ಧಕ್ಕೆ ನಿಲ್ಲಿಸಿದ್ರೆ ತೋಟಾ ಸಿಕ್ಕಿಹಾಕ್ಕೊಳ್ಳುತ್ತೆ. ಇನ್ನು ಒದೆತ. ಇಲ್ಲಿ ಎಲ್ಲರೂ ಇಂಜಿನಿಯರ್‌ಗಳೇ, ನ್ಯೂಟನ್ ನೆನಪು ಮಾಡ್ಕೊಳ್ಳಿ. 32 ಗ್ರಾಂ ಛರ್ರೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಮುಂದೆ ಹೋದ್ರೆ, 3 ಕಿಲೋ ಕೋವಿ ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಹಿಂದೆ ಬರುತ್ತೆ. ಅದನ್ನ ತಡೆಯೋದು ಕೀಲು. ಭಾರ ಹೆಚ್ಚಿಸಿದ್ರೆ ಒದೆತ ಕಡಿಮೆ, ನಿಜ. ಟಾರ್ಚು, ಸೈಟು, ಪಕ್ಕದ ತೋಟಾ ಪಟ್ಟಿ ಎಲ್ಲ ಸೇರಿ ಭಾರ ಏರುತ್ತೆ. ಆದರೆ ಆ ಭಾರವನ್ನು ಎತ್ತಿ ಹಿಡಿಯೋದೂ ಅದೇ ಭುಜ.

ಹಾಗಾದ್ರೆ ಏನೂ ಹಾಕಬಾರದಾ? ಹಾಕಬೇಕು. ಅಪ್ಪನ ಕೋವಿಗೆ ನಾವು ಮಾಡಿಸಿದ್ದರಲ್ಲಿ ಅತ್ಯಂತ ಬೆಲೆಬಾಳುವ ಕೆಲಸ ಅಂದ್ರೆ ಬಟ್ಟಿನ ಹಿಂದೆ ಒಂದು ರಬ್ಬರ್ ಪ್ಯಾಡು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಪ್ಯಾಡು ಅಂದ್ರೆ ಹೆಚ್ಚಾಗಿ ಸಾಕ್ಸ್ ಥರ ಮೇಲಿಂದ ಹಾಕೋದು ತರ್ತಾರೆ. ಅದು ಕೋವಿಯ ಉದ್ದವನ್ನ ಸುಮಾರು ಒಂದಿಂಚು ಹೆಚ್ಚಿಸುತ್ತೆ. ಟ್ರಿಗರ್‌ನಿಂದ ಬಟ್ಟಿನ ತುದಿವರೆಗಿನ ಅಳತೆ ಸಾಮಾನ್ಯವಾಗಿ 14 ಇಂಚಿನ ಆಸುಪಾಸು. ಐದಡಿ ಮೂರಿಂಚಿನ ಅಪ್ಪನಿಗೆ ಅದೇ ಉದ್ದ, ಇನ್ನೊಂದಿಂಚು ಸೇರಿದ್ರೆ ಬಟ್ಟು ಕಂಕುಳಿಗೆ ಸಿಕ್ಕಿ, ಒದೆತ ಭುಜದ ಗುಳಿಗೆ ಬೀಳೋ ಬದಲು ತೋಳಿನ ಮೂಳೆಗೆ ಬೀಳುತ್ತೆ. ಅದಕ್ಕೆ ಮೈಸೂರಿನ ಲೈಸೆನ್ಸ್ ಇರೋ ಅಂಗಡಿಯಲ್ಲಿ ಮರದ ಬಟ್ಟನ್ನೇ ಸ್ವಲ್ಪ ತೆಗೆಸಿ, ಆ ಜಾಗಕ್ಕೆ ಪ್ಯಾಡು ಕೂರಿಸಿದ್ವಿ. ಮರ ತೆಗೆದದ್ದು, ನಳಿಗೆ ಅಲ್ಲ. ಅಜ್ಜನ ಕೋವಿಯ ಮರ ಕೊಯ್ದಿದ್ದಕ್ಕೆ ದೊಡ್ಡಪ್ಪ ಎರಡು ತಿಂಗಳು ನನ್ನ ಹತ್ರ ಮಾತಾಡಲಿಲ್ಲ. ಇರಲಿ.

ಟಾರ್ಚು. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕೋವಿಗೆ ಕಟ್ಟಿದ ಟಾರ್ಚಿನಿಂದ ಏನನ್ನೇ ನೋಡಬೇಕಾದ್ರೂ ಮೊದಲು ನಳಿಗೆಯನ್ನ ಅದರ ಕಡೆ ತಿರುಗಿಸಬೇಕು. ರಾತ್ರಿ ತೋಟದಲ್ಲಿ ಸದ್ದಾದ್ರೆ ಅದು ಹಂದಿ ಇರಬಹುದು, ಪಕ್ಕದ ಮನೆಯ ದನ ಇರಬಹುದು, ಲೈನ್ ಮನೆಯಿಂದ ಫೋನ್ ಸಿಗ್ನಲ್ ಹುಡುಕ್ತಾ ಮೇಲೆ ಬಂದ ಅಸ್ಸಾಮಿನ ಹುಡುಗ ಇರಬಹುದು. ಹಂದಿ ಅಂದ್ಕೊಂಡು ಮನುಷ್ಯನಿಗೆ ಹೊಡೆದ ಸುದ್ದಿಗಳನ್ನ ಕೊಡಗಿನ ಪತ್ರಿಕೆಗಳಲ್ಲಿ ಓದಿದವರಿಗೆ ಇದು ಕಲ್ಪನೆ ಅಲ್ಲ ಅಂತ ಗೊತ್ತು. ನೋಡೋ ಸಾಧನ ಬೇರೆ, ಹೊಡೆಯೋ ಸಾಧನ ಬೇರೆ ಇರಬೇಕು. ಅಪ್ಪನಿಗೆ ತಲೆಗೆ ಕಟ್ಟೋ ಲೈಟು ತಂದುಕೊಟ್ಟಿದ್ದೀನಿ, ಕೋವಿಗಲ್ಲ. ಅಂಗಳದಲ್ಲಿ ಎರಡು ಸೋಲಾರ್ ಫೋಕಸ್.

ಇನ್ನು ಆನೆ. 12 ಬೋರ್ ಛರ್ರೆ ಆನೆಯನ್ನ ನಿಲ್ಲಿಸೋದಿಲ್ಲ, ಗಾಯ ಮಾಡುತ್ತೆ ಅಷ್ಟೇ. ಗಾಯಗೊಂಡ ಆನೆ ನಾಳೆ ಇನ್ಯಾರನ್ನೋ ಹುಡುಕುತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧವೂ ಹೌದು. ಕೋವಿಯಲ್ಲಿ ಐದಾರು ಗುಂಡು ಇದೆ ಅನ್ನೋ ಧೈರ್ಯದಲ್ಲಿ 70 ದಾಟಿದ ಮನುಷ್ಯ ಕತ್ತಲೆಯಲ್ಲಿ ತೋಟಕ್ಕೆ ಇಳಿದರೆ, ಆ ಧೈರ್ಯ ಕೊಟ್ಟವರು ನಾವು. ನನಗೆ ಹೆದರಿಕೆ ಆಗಿದ್ದು ಅದೇ. ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನ ಹೀಗೇ ಬರೆದೆ. ಅಣ್ಣ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಫೋನ್ ಮಾಡಿ, 'ನಾನು ಅಲ್ಲಿ ಇಲ್ಲವಲ್ಲ ಮಾರಾಯ, ಏನಾದ್ರೂ ಕೊಡಬೇಕು ಅನ್ಸುತ್ತೆ' ಅಂದ. ಇಲ್ಲಿ ಕೂತಿರೋ ಎಷ್ಟೋ ಜನರ ಮನೆಯಲ್ಲಿ ಕೋವಿ ಇಲ್ಲದೇ ಇರಬಹುದು, ಈ ಮಾತು ಇರುತ್ತೆ.

ಮಳೆಗಾಲದ ಸಾಮಾನು ಹೇಳಬೇಕು, ವಿಡಿಯೋಗಳಲ್ಲಿ ಇದು ಬರೋದೇ ಇಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತೆ. ಕೋವಿಯನ್ನ ಚರ್ಮದ ಚೀಲದಲ್ಲಿ ಹಾಕಿಟ್ರೆ ಚರ್ಮ ನೀರು ಹೀರ್ಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಎಣ್ಣೆ ಬಟ್ಟೆ, ಗಾಳಿಯಾಡೋ ಬೀರು, ಸಿಲಿಕಾ ಜೆಲ್ ಪೊಟ್ಟಣ, ಇಷ್ಟೇ ಸಾಕು. ಪೋರೂರಿಂದ ನಾನು ತಗೊಂಡು ಹೋಗೋದು ಹೆಚ್ಚಾಗಿ ಆ ಪೊಟ್ಟಣಗಳನ್ನೇ, ಶೂ ಡಬ್ಬದಲ್ಲಿ ಬರೋದನ್ನೂ ಬಿಡಲ್ಲ. ನಳಿಗೆ ಬಾಯಿಗೆ ಬಟ್ಟೆಯ ಟೋಪಿ ಹಾಕಿ, ಯಾಕಂದ್ರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತೆ. ಅದನ್ನ ನೋಡದೆ ಹೊಡೆದ್ರೆ ನಳಿಗೆ ಸೀಳಿಹೋಗಬಹುದು. ಟೋಪಿ ಕೆಂಪು ಬಣ್ಣದ್ದಿರಲಿ, ತೆಗೆಯೋಕೆ ಮರೆಯಬಾರದು.

ಬಾಯಿಗೆ ಹಾಕೋದು ಅಂದಾಗ ನೆನಪಾಯ್ತು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೋವಿ ತೊಳೆದು ಪೂಜೆಗೆ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸ್ತೀವಿ. ಕೆಂಪು ಹಳದಿ ಜ್ವಾಲೆ ಥರದ ಹೂ. ಇಲ್ಲಿ ಅದಕ್ಕೆ ಸೆಂಗಾಂದಳ್ ಅಂತಾರೆ, ತಮಿಳುನಾಡಿನ ರಾಜ್ಯ ಪುಷ್ಪ. ಆಫೀಸಿನಲ್ಲಿ ಫೋಟೋ ತೋರಿಸಿದ್ರೆ ತಮಿಳು ಸ್ನೇಹಿತರು ಕೋವಿ ನೋಡಲ್ಲ, ಹೂ ನೋಡಿ 'ಇದು ನಮ್ಮದು' ಅಂತಾರೆ. ಗಡ್ಡೆ ವಿಷ, ಮಕ್ಕಳ ಕೈಗೆ ಕೊಡಬೇಡಿ.

ಕೊನೆಗೆ ಬೀಗ. ಟ್ರಿಗರ್‌ಗೆ ಹಾಕೋ ಬೀಗ, ಮತ್ತೆ ತೋಟಾಗಳಿಗೆ ಬೇರೆ ಬೀರು. ಮೊಮ್ಮಕ್ಕಳು ರಜೆಗೆ ಹೋಗ್ತಾರಲ್ಲ. ನನ್ನ ಮಗನಿಗೆ ಒಂಬತ್ತು ವರ್ಷ, ಗೇಮಿನಲ್ಲಿ ಪಂಪ್ ಎಳೆಯೋ ಸದ್ದು ಬಾಯಲ್ಲೇ ಮಾಡ್ತಾನೆ. ಅಪ್ಪನಿಗೆ ಬೀಗ ಇಷ್ಟವಾಗಲಿಲ್ಲ, 'ನಾವೆಲ್ಲ ಗೋಡೆಗೆ ನೇತುಹಾಕಿದ ಕೋವಿ ಕೆಳಗೆ ಮಲಗಿ ಬೆಳೆದವರು' ಅಂದ್ರು. ಒಪ್ಪಿಸಿದ್ದು ಅಮ್ಮ. ಬೀಗದ ಕೈ ಈಗ ಅವರ ಹತ್ರ. ಖಾಲಿ ಕೋವಿ ಮಡಚಿ ನೋಡೋದನ್ನ ಅವರಿಗೂ ಕಲಿಸಿದ್ದೀವಿ, 66ನೇ ವಯಸ್ಸಲ್ಲಿ. ಪಂಪ್ ತಗೊಳ್ಳಲಿಲ್ಲ. ಅಣ್ಣನ ದುಡ್ಡಲ್ಲಿ ಸೋಲಾರ್ ಲೈಟು, ಪ್ಯಾಡಿನ ಕೆಲಸ, ಬೀರು ಆಯ್ತು, ಉಳಿದದ್ದು ಅಪ್ಪನ ಭುಜದ ಫಿಸಿಯೋಥೆರಪಿಗೆ.

ಇಷ್ಟು ನನ್ನ ಮಾತು, ಈಗ ಪ್ರಶ್ನೆ ಕೇಳಿ. ವಿಡಿಯೋ ನೋಡ್ತಿರೋರು 'ಇದನ್ನ ಹಾಕಬಹುದಾ' ಅಂತ ಲಿಂಕ್ ಮಾತ್ರ ಕಳಿಸಬೇಡಿ. ಕೋವಿ ಹಿಡಿಯೋದು ಯಾರು, ಅವರ ಎತ್ತರ ಎಷ್ಟು, ಮನೆಯಲ್ಲಿ ಇನ್ಯಾರಿದ್ದಾರೆ, ಅದನ್ನೂ ಬರೆದು ಕಳಿಸಿ.