ತಲೆಯೊಳಗಿನ ನೀರು, ನೀರೊಳಗಿನ ಉಪ್ಪು

ಕೆರೆಯೊಂದು ಉಳಿಯಬೇಕಾದರೆ ಅದಕ್ಕೆ ಕೋಡಿಯಿರಬೇಕು. ಹೆಚ್ಚಿದ ನೀರಿಗೆ ಹೊರದಾರಿಯಿಲ್ಲದಿದ್ದರೆ ಏರಿಯೇ ಒಡೆದುಹೋದೀತು. ನಮ್ಮ ತಲೆಬುರುಡೆಯೊಳಗೂ ಇಂಥದೊಂದು ಜಲವ್ಯವಸ್ಥೆಯುಂಟು. ಮಿದುಳಿನ ಗೂಡುಗಳಲ್ಲಿ ತಿಳಿನೀರಿನಂಥ ದ್ರವವೊಂದು ಹಗಲಿರುಳೂ ಒಸರುತ್ತ, ಮಿದುಳನ್ನೂ ಬೆನ್ನುಹುರಿಯನ್ನೂ ಬಳಸಿ ಹರಿದು, ಮತ್ತೆ ರಕ್ತವನ್ನು ಸೇರುತ್ತದೆ. ಬೆಳೆದವರಲ್ಲಿ ದಿನಕ್ಕೆ ಒಸರುವುದು ಸುಮಾರು 500 ಮಿಲಿಲೀಟರ್. ಒಂದು ಹೊತ್ತಿಗೆ ಒಳಗಿರುವುದು 150ರಷ್ಟು ಮಾತ್ರ. ಈ ಹರಿವಿಗೆ ತಡೆಯೊದಗಿದರೆ ಗೂಡುಗಳು ಉಬ್ಬುತ್ತವೆ, ಎಳೆಯ ಶಿಶುಗಳಲ್ಲಿ ತಲೆಯೇ ದೊಡ್ಡದಾಗತೊಡಗುತ್ತದೆ. ವೈದ್ಯರು ಇದನ್ನು ಹೈಡ್ರೊಸೆಫಾಲಸ್ ಎನ್ನುತ್ತಾರೆ. ಪರಿಹಾರಕ್ಕೆಂದು ಚರ್ಮದಡಿಯಲ್ಲಿ ಅವರು ಹಾಯಿಸುವ ಸಣ್ಣ ಕೊಳವೆಗೆ ಷಂಟ್ ಎಂದು ಹೆಸರು. ಕನ್ನಡ ಮೇಷ್ಟರಾದ ನಾನು ಅದನ್ನು ಕೋಡಿಯೆಂದೇ ಕರೆದೇನು.

ಆದರೆ ಕೋಡಿಯ ನೀರು ಹೋಗುವುದೆಲ್ಲಿಗೆ? 1949ರಲ್ಲಿ ಬೋಸ್ಟನ್ನಿನ ಶಸ್ತ್ರವೈದ್ಯ ಡೊನಾಲ್ಡ್ ಮ್ಯಾಟ್ಸನ್ ಹೊಸದೊಂದು ಚಿಕಿತ್ಸೆಯನ್ನು ಪ್ರಕಟಿಸಿದರು. ಮಗುವಿನ ಒಂದು ಮೂತ್ರಪಿಂಡವನ್ನು ತೆಗೆದು, ಬೆನ್ನಿನ ಭಾಗದಿಂದ ದ್ರವವನ್ನು ಆ ಬದಿಯ ಮೂತ್ರನಾಳಕ್ಕೆ ಹಾಯಿಸುವ ಕ್ರಮವದು. ಆರೋಗ್ಯವಾದ ಅಂಗವೊಂದನ್ನು ಹೀಗೆ ಬಲಿಗೊಟ್ಟದ್ದು ಇಂದು ಕ್ರೂರವೆನಿಸಬಹುದು. ಬೇರೆ ದಾರಿ ಅಷ್ಟಾಗಿ ಇಲ್ಲದಿದ್ದ ಆ ಕಾಲವನ್ನು ನೆನೆದಾಗ ಹಾಗೆನ್ನಲು ನನಗೆ ಮನಸ್ಸಿಲ್ಲ. ದ್ರವವೇನೋ ಮೂತ್ರದೊಡನೆ ಹೊರಟುಹೋಯಿತು. ಆದರೆ ಹೋದದ್ದು ಬರಿಯ ನೀರಲ್ಲ. ಆ ದ್ರವದಲ್ಲಿ ಸೋಡಿಯಂ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ ಇದೆ. ಲೆಕ್ಕ ಹಾಕಿದರೆ 500 ಮಿಲಿಲೀಟರಿನಲ್ಲಿ ಸುಮಾರು 4 ಗ್ರಾಂ ಅಡುಗೆಯುಪ್ಪಿಗೆ ಸಮ. ಮಗುವಿನಲ್ಲಿ ಒಸರುವುದು ಕಡಿಮೆ, ನಿಜ; ಅದರ ಮೈಯೊಳಗಿನ ದಾಸ್ತಾನೂ ಕಡಿಮೆಯೇ. ಆ ಮಕ್ಕಳಿಗೆ ಆಹಾರದಲ್ಲಿ ಹೆಚ್ಚು ಉಪ್ಪು ಕೊಡಬೇಕಾಯಿತು. ಒಂದು ವಾಂತಿಭೇದಿ ಬಂದರೂ ಪ್ರಾಣಕ್ಕೆ ಸಂಚಕಾರ.

ಹಳೆಯ ಮೈಸೂರು ಸೀಮೆಯ ಸಾಲುಗೆರೆಗಳಲ್ಲಿ ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಸಲ್ಲುತ್ತದೆ, ಪೋಲಾಗುವುದಿಲ್ಲ. ಶಸ್ತ್ರವೈದ್ಯವೂ ಆ ವಿವೇಕಕ್ಕೇ ಬಂದಿತು. ಅದೇ 1949ರಲ್ಲಿ ಫಿಲಡೆಲ್ಫಿಯದ ನಲ್ಸನ್ ಮತ್ತು ಸ್ಪಿಟ್ಜ್ ಕವಾಟವಿರುವ ಕೊಳವೆಯಿಂದ ದ್ರವವನ್ನು ಕತ್ತಿನ ರಕ್ತನಾಳಕ್ಕೆ ಹರಿಸಿದರು. 1956ರಲ್ಲಿ ಜಾನ್ ಹಾಲ್ಟರ್ ಎಂಬ ಯಂತ್ರಕುಶಲಿ, ತನ್ನ ಮಗನ ಸಂಕಟವನ್ನು ಕಂಡು, ಸಿಲಿಕೋನಿನ ಕವಾಟವನ್ನು ರೂಪಿಸಿದ. ಈಗ ಸಾಮಾನ್ಯವಾಗಿ ದ್ರವವನ್ನು ಹೊಟ್ಟೆಯ ಪೊರೆಯೊಳಕ್ಕೆ ಬಿಡುತ್ತಾರೆ. ಅಲ್ಲಿಂದ ಅದು ಉಪ್ಪಿನ ಸಮೇತ ರಕ್ತಕ್ಕೆ ಮರಳುತ್ತದೆ. ಷಂಟಿಗೆ ಸೋಂಕು ತಗುಲಿ ಕೆಲದಿನ ಹೊರಗಿನ ಚೀಲಕ್ಕೆ ಹರಿಸಬೇಕಾದಾಗ ಮಾತ್ರ ಹಳೆಯ ನಷ್ಟದ ಲೆಕ್ಕ ಮತ್ತೆ ತಲೆಯೆತ್ತುತ್ತದೆ.

ಕೊಳವೆ ಸರಿಯಾಗಿದ್ದರೂ ಉಪ್ಪು ಕೈಕೊಡುವುದುಂಟು. ನನ್ನ ತಂಗಿಯ ಮೊಮ್ಮಗನಿಗೆ ಹುಟ್ಟಿದ ವರ್ಷವೇ ಷಂಟ್ ಹಾಕಿದ್ದರು. ನಾಲ್ಕನೆಯ ವಯಸ್ಸಿನಲ್ಲಿ, ಒಂದು ಬೇಸಿಗೆ, ಎರಡು ದಿನ ವಾಂತಿಭೇದಿ. ಕೇಳಿದಾಗಲೆಲ್ಲ ಬರಿಯ ನೀರನ್ನೇ ಕುಡಿಸಿದರು. ಮೂರನೆಯ ದಿನ ತಲೆನೋವೆಂದು ಅತ್ತವನು ಹಾಗೆಯೇ ಮಂಪರಿಗೆ ಜಾರಿದ. ಕೊಳವೆ ಕಟ್ಟಿಕೊಂಡಿತೆಂದೇ ಎಲ್ಲರ ಭಯ. "ಅಣ್ಣಾ, ಮತ್ತೆ ಮಗೂನ ತಲೆ ಕೊಯ್ತಾರೇನೋ" ಎಂದು ತಂಗಿ ನನ್ನ ಕೈ ಹಿಡಿದುಕೊಂಡಳು. ಆಸ್ಪತ್ರೆಯ ವೈದ್ಯೆ ತಲೆಯ ಚಿತ್ರ ತೆಗೆಸಿದರು, ಜೊತೆಗೇ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಗೂಡುಗಳು ಮೊದಲಿನಂತೆಯೇ ಇದ್ದವು. 135ಕ್ಕಿಂತ ಕೆಳಗಿಳಿಯಬಾರದ ಸೋಡಿಯಂ 121ಕ್ಕೆ ಇಳಿದಿತ್ತು.

ರಕ್ತದಲ್ಲಿ ಉಪ್ಪು ತೆಳುವಾದಾಗ ನೀರು ಮಿದುಳಿನ ಕೋಶಗಳಿಗೆ ನುಗ್ಗಿ ಅವನ್ನು ಊದಿಸುತ್ತದೆ. ಬುರುಡೆಯೋ ಹಿಗ್ಗದು. ಕೊಳವೆ ಕಟ್ಟಿದಾಗಲೂ ಒಳಗಿನ ಒತ್ತಡವೇ ಏರುವುದರಿಂದ ಎರಡರ ಲಕ್ಷಣಗಳೂ ಒಂದೇ: ತಲೆನೋವು, ವಾಂತಿ, ಮಂಪರು, ಕೊನೆಗೆ ಸೆಳವು. ಮನೆಯಲ್ಲಿ ಕುಳಿತು ಇದು ಯಾವುದೆಂದು ಯಾರೂ ಹೇಳಲಾರರು.

ಉಪ್ಪು ಇಳಿದಿದೆಯೆಂದು ಒಮ್ಮೆಲೇ ತುಂಬುವಂತೆಯೂ ಇಲ್ಲ, ಅದರಿಂದ ಮಿದುಳಿಗೆ ಬೇರೆಯೇ ಹಾನಿ. ಆ ವೈದ್ಯೆ ಲವಣದ್ರಾವಣವನ್ನು ಅಳೆದು ನಿಧಾನವಾಗಿ ಹರಿಸಿದರು, ರಾತ್ರಿಯಿಡೀ ಮತ್ತೆ ಮತ್ತೆ ರಕ್ತ ನೋಡಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಡುಗ ಅಜ್ಜಿಯನ್ನು ಗಂಜಿ ಕೇಳಿದ.